ಕೊನೆಯ ಪದರಕ್ಕೆ ಯಾವ ಪುಟ್ಟಿ? ಕಾರಿನ ಒಂದೇ ಬಾಗಿಲ ಮೇಲೆ ಮೂರು ಬಗೆ ಹಚ್ಚಿ ನೋಡಿದೆ

ಜನವರಿಯಲ್ಲಿ ಮುಧೋಳದ ಕಡೆಯಿಂದ ಬಾಗಲಕೋಟೆಗೆ ಬರುವಾಗ ಕಬ್ಬಿನ ಟ್ರೈಲರ್ ಒಂದು ನನ್ನ ಹಳೇ ಆಲ್ಟೊದ ಹಿಂದಿನ ಬಾಗಿಲು ಸವರಿಕೊಂಡು ಹೋಯಿತು. ಉದ್ದಕ್ಕೂ ಒಂದು ತಗ್ಗು. ಗ್ಯಾರೇಜಿನಲ್ಲಿ ತಗಡು ಬಡಿಸಿ ಸಮ ಮಾಡಿಸಿಕೊಂಡು ಬಂದೆ. ಪುಟ್ಟಿ, ಪೇಂಟು ಮಾತ್ರ ಮನೆಯಲ್ಲೇ ಮಾಡಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಯಾಕಂದ್ರೆ ಎರಡು ವರ್ಷದ ಹಿಂದೆ ಬೇರೆ ಕಡೆ ಮಾಡಿಸಿದ ಬಂಪರ್ ಪಕ್ಕದ ಜಾಗ ಆರು ತಿಂಗಳಿಗೇ ಗೆರೆ ಗೆರೆಯಾಗಿ ಎದ್ದಿತ್ತು, ಕಾರಣ ಏನು ಅಂತ ಯಾರೂ ಸರಿಯಾಗಿ ಹೇಳಲಿಲ್ಲ.

ತಗ್ಗು ತುಂಬುವುದು ಕಷ್ಟವಲ್ಲ. ಹಾರ್ಡನರ್ (ಗಟ್ಟಿ ಮಾಡುವ ರಾಸಾಯನಿಕ) ಹಾಕುವ ಮಾಮೂಲಿ ಪಾಲಿಯೆಸ್ಟರ್ ಪುಟ್ಟಿ ಹಚ್ಚಿ, ಒರಟಾದ 80 ನಂಬರ್ ಸ್ಯಾಂಡ್‌ಪೇಪರಿನಲ್ಲಿ ಆಕಾರಕ್ಕೆ ತಂದು, ಅದಕ್ಕಿಂತ ನಯವಾದ 180ರಲ್ಲಿ ತಿಕ್ಕಿದರೆ ಮುಗಿಯಿತು. ಕಷ್ಟ ಇರುವುದು ಅದಾದ ಮೇಲೆ. ಸಣ್ಣ ಸಣ್ಣ ಸೂಜಿರಂಧ್ರ, 80ರ ಗೀರು, ಪುಟ್ಟಿ ಮುಗಿದು ತಗಡು ಶುರುವಾಗುವ ಅಂಚು. ಇವನ್ನು ಮುಚ್ಚಲು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಾಗಾಗಿ ಮಾಸ್ಕಿಂಗ್ ಟೇಪ್ ಹಚ್ಚಿ ಬಾಗಿಲನ್ನು ಮೂರು ಪಾಲು ಮಾಡಿ, ಮೂರಕ್ಕೂ ಬೇರೆ ಬೇರೆ ಕೊನೆಯ ಪದರ ಕೊಟ್ಟೆ.

ಮೊದಲ ಪಾಲಿಗೆ ಅದೇ ಮಾಮೂಲಿ ಪುಟ್ಟಿಯನ್ನೇ ಇನ್ನೊಮ್ಮೆ ತೆಳ್ಳಗೆ ಎಳೆದೆ. ಗಟ್ಟಿ ಮಾಲು, ಆದರೆ ದಪ್ಪ. ಪತ್ತಿಯಿಂದ (ಪುಟ್ಟಿ ಸವರುವ ತೆಳು ಪಟ್ಟಿ) ಎಳೆದಾಗ ಗೆರೆ ಬೀಳುತ್ತದೆ, ಒಂದು ರಂಧ್ರ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತದೆ. ಮೂರು ಸಲ ಹಚ್ಚಿ ತಿಕ್ಕಿದ ಮೇಲೆ ಒಂದು ಹದಕ್ಕೆ ಬಂತು. ರಂಧ್ರಕ್ಕೆ ಅರ್ಧ ಕಾರಣ ನಾನು ಕಲಿಸಿದ ರೀತಿ ಅಂತ ಆಮೇಲೆ ಗೊತ್ತಾಯಿತು. ಮೊಸರು ಕಡೆದ ಹಾಗೆ ಗರಗರ ತಿರುಗಿಸಿದರೆ ಗಾಳಿ ಒಳಗೆ ಸೇರುತ್ತದೆ. ರೊಟ್ಟಿ ಹಿಟ್ಟು ನಾದುವ ಹಾಗೆ ಒತ್ತಿ, ಮಡಚಿ, ಮತ್ತೆ ಒತ್ತಬೇಕು. ರಟ್ಟಿನ ಮೇಲೆ ಕಲಿಸಬೇಡಿ, ರಟ್ಟು ಅದರ ರೆಸಿನ್ ಹೀರಿಕೊಳ್ಳುತ್ತದೆ. ಗಾಜು ಅಥವಾ ಪ್ಲಾಸ್ಟಿಕ್ ಹಲಗೆ ಒಳ್ಳೇದು.

ಎರಡನೇ ಪಾಲಿಗೆ ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಪುಟ್ಟಿ. ನಮ್ಮ ಕಡೆ ಇದರ ಡಬ್ಬಿ ಇರದ ಪೇಂಟರ್ ಅಂಗಡಿ ನಾನು ನೋಡಿಲ್ಲ. ಹಾರ್ಡನರ್ ಬೇಡ, ಡಬ್ಬಿ ತೆಗೆದು ಸುಮ್ನೆ ಹಚ್ಚುವುದು. ಬೆಣ್ಣೆ ಸವರಿದ ಹಾಗೆ ಕೂರುತ್ತದೆ, ತಿಕ್ಕಲು ಸಲೀಸು. ಅವತ್ತು ಸಂಜೆ ಮೂರೂ ಪಾಲುಗಳಲ್ಲಿ ಇದೇ ಚೆನ್ನಾಗಿ ಕಂಡಿತು, ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಗಾಜು ಮುಟ್ಟಿದ ಹಾಗೆ. ನನಗೆ ತುಂಬಾ ಖುಷಿಯಾಗಿತ್ತು.

ಮೂರನೇ ಪಾಲಿಗೆ ಹಾರ್ಡನರ್ ಹಾಕುವ ಫಿನಿಶಿಂಗ್ ಪುಟ್ಟಿ, ಕೆಲವರು ಗ್ಲೇಜ್ ಅಂತಾರೆ. ಇದೂ ಪಾಲಿಯೆಸ್ಟರ್ ಜಾತಿಯದೇ, ಆದರೆ ಪುಡಿ ನಯ, ಮಾಲು ತೆಳು. ರಂಧ್ರದೊಳಗೆ ತಾನೇ ಇಳಿಯುತ್ತದೆ. ಬೆಲೆ ಸ್ವಲ್ಪ ಜಾಸ್ತಿ, ಮತ್ತೆ ಬಾಗಲಕೋಟೆ ಬಿಸಿಲಿನಲ್ಲಿ ಕೈಗೆ ಸಮಯ ಕೊಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಮೂರು ನಿಮಿಷಕ್ಕೇ ಪತ್ತಿಯ ಮೇಲೆ ಗಂಟು ಕಟ್ಟಿತು. ಬೆಳಿಗ್ಗೆ ಆರೂವರೆಗೆ ನೆರಳಲ್ಲಿ ಮಾಡಿದ ಮೇಲೇ ಸರಿ ಹೋಯಿತು. ಬಿಸಿಲಿಗೆ ಹೆದರಿ ಹಾರ್ಡನರ್ ತೀರಾ ಕಡಿಮೆ ಮಾಡಬೇಡಿ, ಮೆತ್ತಗೇ ಉಳಿಯುತ್ತದೆ. ಜಾಸ್ತಿ ಹಾಕಿದರೆ ಪೇಂಟಿನ ಮೇಲೆ ಕಲೆ ಏಳಬಹುದು. ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು, ಅಂದರೆ ದೊಡ್ಡ ನಿಂಬೆಹಣ್ಣಿನಷ್ಟು ಪುಟ್ಟಿಗೆ ನೆನೆಸಿದ ಕಡಲೆಕಾಳು ಎರಡರಷ್ಟು. ಗಟ್ಟಿಯಾದ ಮೇಲೂ ಮೇಲ್ಮೈ ಸ್ವಲ್ಪ ಅಂಟಂಟು ಇರುತ್ತದೆ, ಹಳೇ ಸ್ಯಾಂಡ್‌ಪೇಪರಿನಲ್ಲಿ ಒಮ್ಮೆ ಎಳೆದು ತೆಗೆದು ಆಮೇಲೆ 180, ಕೊನೆಗೆ 320.

ಮೂರಕ್ಕೂ ಮೇಲೆ ಒಂದೇ 2ಕೆ ಪ್ರೈಮರ್ (ಹಾರ್ಡನರ್ ಬೆರೆಸಿ ಹೊಡೆಯುವ, ಪೇಂಟಿನ ಕೆಳಗಿನ ಪದರ) ಹೊಡೆದೆ. ಇದರ ಹಾರ್ಡನರ್‌ನಲ್ಲಿ ಉಸಿರಾಟಕ್ಕೆ ಹಾನಿ ಮಾಡುವ ಐಸೋಸಯನೇಟ್ ಇರುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಏನೂ ಪ್ರಯೋಜನ ಇಲ್ಲ, ಸರಿಯಾದ ಮಾಸ್ಕ್ ಇಲ್ಲದೆ ದಯವಿಟ್ಟು ಹೊಡೆಯಬೇಡಿ. ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನ ಹಾಗೆ ಉದುರಿಸಿ, ಸ್ಯಾಂಡ್‌ಪೇಪರ್ ಸುತ್ತಿದ ಸಮತಟ್ಟಾದ ತುಂಡು ಹಿಡಿದು ಓರೆಯಾಗಿ ತಿಕ್ಕಿದೆ. ಉಬ್ಬಿದಲ್ಲಿ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಮೊದಲ ಪಾಲಿನಲ್ಲಿ ಏಳೆಂಟು ಕಪ್ಪು ಚುಕ್ಕೆ. ಮೂರನೆಯದರಲ್ಲಿ ಒಂದೇ ಒಂದು. ಎನ್‌ಸಿ ಪಾಲು ಪೂರ್ತಿ ಸ್ವಚ್ಛ.

ಆದರೆ ನಾನು ಪೇಂಟ್ ಹೊಡೆಯದೆ ಮೂರು ವಾರ ಕಾರನ್ನು ಬಿಸಿಲಿಗೆ ಬಿಟ್ಟೆ. ಅಲ್ಲೇ ಎಲ್ಲ ಗೊತ್ತಾಗಿದ್ದು. ಸಂಜೆ ಓರೆ ಬಿಸಿಲಲ್ಲಿ ಬಗ್ಗಿ ನೋಡಿದರೆ ಎನ್‌ಸಿ ಹಚ್ಚಿದ ಕಡೆ 80ರ ಗೀರುಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು, ಅಂಚಿನ ಗೆರೆ ನಕಾಶೆಯ ಹಾಗೆ ಮೂಡಿತ್ತು. ನನ್ನ ಬಂಪರ್ ಪಕ್ಕ ಎದ್ದಿದ್ದೂ ಇದೇ ಗೆರೆ, ಅಲ್ವಾ! ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ. ಎನ್‌ಸಿ ಪುಟ್ಟಿ ತಿನ್ನರ್ ಆರಿ ಒಣಗುತ್ತದೆ, ಆರಿದಷ್ಟೂ ಕುಗ್ಗುತ್ತದೆ, ದಪ್ಪ ಹಚ್ಚಿದರೆ ತಿಂಗಳುಗಟ್ಟಲೆ. ಮೇಲೆ ಹೊಡೆದ ಪ್ರೈಮರಿನ ದ್ರಾವಕ ಅದನ್ನು ಮತ್ತೆ ಮೆತ್ತಗೂ ಮಾಡುತ್ತದೆ. ಹಾರ್ಡನರ್ ಹಾಕಿದ ಎರಡೂ ಹಚ್ಚಿದ ಜಾಗದಲ್ಲೇ ನಿಂತಿದ್ದವು.

ಹಾಗಾಗಿ ನನ್ನ ಆಯ್ಕೆ ಫಿನಿಶಿಂಗ್ ಪುಟ್ಟಿ, ಮೇಲೆ 2ಕೆ ಪ್ರೈಮರ್. ಅದು ಸಿಗದಿದ್ದರೆ ಮಾಮೂಲಿ ಪುಟ್ಟಿಯನ್ನೇ ತಾಳ್ಮೆಯಿಂದ ಎಳೆಯಿರಿ, ಕೆಲಸ ಜಾಸ್ತಿ ಆದರೂ ಮೋಸ ಇಲ್ಲ. ಇನ್ನೊಂದು ಮಾತು, ಪುಟ್ಟಿಯ ಮೇಲೆ ನೀರು ಹಾಕಿ ತಿಕ್ಕಬೇಡಿ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಮುಂದೆ ಪೇಂಟ್ ಗುಳ್ಳೆ ಏಳುತ್ತದೆ. ನೀರು ಏನಿದ್ದರೂ ಪ್ರೈಮರಿನ ಮೇಲೆ, 600 ಮತ್ತು 800ಕ್ಕೆ.

ಎನ್‌ಸಿ ಪಾಲನ್ನು ಪೂರ್ತಿ ಕೆರೆದು ತೆಗೆದು ಮತ್ತೆ ಫಿನಿಶಿಂಗ್ ಪುಟ್ಟಿ ಹಚ್ಚಿದೆ. ಉಳಿದ ಎನ್‌ಸಿ ಡಬ್ಬಿ ಇಟ್ಟುಕೊಂಡಿದ್ದೇನೆ, ಪ್ರೈಮರಿನ ಮೇಲೆ ಉಗುರು ಗೀರಿದಷ್ಟು ಸಣ್ಣ ಗುರುತು ಬಿದ್ದರೆ ಅದಕ್ಕೆ ಸಾಕು.