ಗುಮ್ಮಟದೊಳಗಿನ ಬಾಹ್ಯಾಕಾಶ ಶೋ: ಟಿಕೆಟ್ ಜಾಸ್ತಿ, ಆದರೂ ನೋಡಬಹುದು

ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಗಾಳಿ ತುಂಬಿದ ಗುಮ್ಮಟದೊಳಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಶೋ ಹಾಕಿದ್ದಾರೆ. ಚಾಪೆ ಮೇಲೆ ಅಂಗಾತ ಮಲಗಿ ನೋಡಬೇಕು. ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ, ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಭೂಮಿಯನ್ನು ಸುತ್ತುತ್ತಿರುತ್ತದೆ, ಹಾಗಾಗಿ ಅಲ್ಲಿರುವವರಿಗೆ ದಿನಕ್ಕೆ 16 ಸೂರ್ಯೋದಯ!

ಚೆನ್ನಾಗಿರೋದು ದಿನಚರಿ ಭಾಗ. ಮೂಳೆ, ಸ್ನಾಯು ಸವೆಯಬಾರದು ಅಂತ ದಿನಾ ಸುಮಾರು 2 ಗಂಟೆ ವ್ಯಾಯಾಮ, ಅದೂ ಟ್ರೆಡ್‌ಮಿಲ್ ಮೇಲೆ ಓಡುವಾಗ ತೇಲಿಹೋಗದಂತೆ ಭುಜಕ್ಕೆ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು. ಪುಡಿ ಉದುರುವ ತಿಂಡಿ ಬೇಡವೇ ಬೇಡ, ಹಾರಾಡಿ ಕಣ್ಣಿಗೋ ಯಂತ್ರಕ್ಕೋ ಹೋಗುತ್ತದೆ. ನಮ್ಮ ಖಾರ ಮಂಡಕ್ಕಿಗೆ ಅಲ್ಲಿ ಎಂಟ್ರಿ ಇಲ್ಲ ಬಿಡಿ. ಮೂತ್ರವನ್ನೇ ಶುದ್ಧ ಮಾಡಿ ಕುಡಿಯುತ್ತಾರೆ ಅಂದಾಗ ಪಕ್ಕದಲ್ಲಿದ್ದ ಹುಡುಗ ಕೈಲಿದ್ದ ಬಾಟಲಿ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

ಗಗನಯಾತ್ರಿ ಆಗೋದು ಹೇಗೆ ಅನ್ನೋದನ್ನ ಮಾತ್ರ ಸುಮ್ನೆ ಮುಗಿಸಿಬಿಟ್ಟಿದ್ದಾರೆ. ವಾಯುಪಡೆ ಪೈಲಟ್ ಶುಭಾಂಶು ಶುಕ್ಲಾ ರಷ್ಯಾದಲ್ಲಿ, ಬೆಂಗಳೂರಿನಲ್ಲಿ ವರ್ಷಗಟ್ಟಲೆ ತರಬೇತಿ ಪಡೆದು 2025ರ ಜೂನ್‌ನಲ್ಲಿ ಈ ನಿಲ್ದಾಣಕ್ಕೆ ಹೋದ ಮೊದಲ ಭಾರತೀಯ. ಅವರಿಗೆ ಒಂದೇ ಫೋಟೋನಾ? ಮಕ್ಕಳು ಕೇಳೋದೇ ಅದನ್ನಲ್ವಾ?

ವಿವರಣೆ ಪೂರ್ತಿ ಹಿಂದಿಯಲ್ಲಿದೆ, ಒಳಗೆ ಸೆಕೆ ಬೇರೆ. ಸಂಜೆ ಕೊನೆಯ ಶೋಗೆ ಹೋಗಿ.