ಸಿನಿಮಾಕ್ಕೆಂದು ತಂದ ತ್ರೀಡಿ ಟಿವಿ, ಬಾದಾಮಿಯ ಶಿಲ್ಪಕ್ಕೆ ಒದಗಿತು: ದೀರ್ಘಕಾಲದ ಬಳಕೆಯ ವಿಮರ್ಶೆ

ಅಂಕಗಳನ್ನು ಮೊದಲೇ ಕೊಟ್ಟುಬಿಡುತ್ತೇನೆ. 2014ರಲ್ಲಿ ಬಾಗಲಕೋಟೆಯ ನವನಗರದಲ್ಲಿ ಕೊಂಡ 42 ಇಂಚಿನ ಪ್ಯಾಸಿವ್ (ಬ್ಯಾಟರಿ ಬೇಡದ ಕನ್ನಡಕದ) ತ್ರೀಡಿ ಟಿವಿ ಇಂದಿಗೂ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ. ಸಿನಿಮಾ ನೋಡುವುದಕ್ಕಾದರೆ ಅದಕ್ಕೆ ಐದರಲ್ಲಿ ಎರಡು ಅಂಕ. ಕಲ್ಲಿನ ಕೆತ್ತನೆ, ಅಣುರಚನೆ, ಎಲುಬಿನ ಕೀಲು ಇಂಥವುಗಳ ಆಕಾರವನ್ನು ಮಕ್ಕಳಿಗೆ ತೋರಿಸುವುದಕ್ಕಾದರೆ ನಾಲ್ಕೂವರೆ. ನಾನು ಚಿತ್ರಕಲಾ ಶಿಕ್ಷಕ, ಹಾಗಾಗಿ ಎರಡನೆಯ ಅಂಕವೇ ನನಗೆ ಮುಖ್ಯ. ಕಂಪನಿಯ ಹೆಸರು ಬರೆದು ಪ್ರಯೋಜನವಿಲ್ಲ. 2009ರ ಕೊನೆಗೆ ‘ಅವತಾರ್’ ಬಂದ ಮೇಲೆ ತ್ರೀಡಿ ಟಿವಿ ತರಲು ಮುಗಿಬಿದ್ದ ದೊಡ್ಡ ಕಂಪನಿಗಳೆಲ್ಲ 2017ರ ಹೊತ್ತಿಗೆ ಅವುಗಳ ತಯಾರಿಕೆಯನ್ನೇ ಕೈಬಿಟ್ಟವು. ಆದರೂ ಹಳೆಯ ಟಿವಿ ಮಾರುವವರ ಬಳಿ ಇವು ಆಗಾಗ ಅಗ್ಗಕ್ಕೆ ಸಿಗುತ್ತವೆ. ಕೊಳ್ಳಲೋ ಬೇಡವೋ ಎಂದು ಕೇಳುವವರೂ ಇದ್ದಾರೆ. ಅವರಿಗಾಗಿ ಈ ಬರಹ.

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರೂವರೆ ಸೆಂಟಿಮೀಟರ್ ಅಂತರವಿದೆ. ಆದ್ದರಿಂದ ಎರಡೂ ಕಣ್ಣಿಗೆ ಬೀಳುವ ಚಿತ್ರಗಳು ತುಸು ಬೇರೆ, ಆ ವ್ಯತ್ಯಾಸದಿಂದ ಮಿದುಳು ಆಳವನ್ನು ಅಳೆಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ 1838ರಲ್ಲೇ, ಛಾಯಾಚಿತ್ರದ ವಿದ್ಯೆ ಇನ್ನೂ ಲೋಕಕ್ಕೆ ತಿಳಿಯುವ ಮುನ್ನ, ಎರಡು ರೇಖಾಚಿತ್ರ ಮತ್ತು ಎರಡು ಕನ್ನಡಿ ಇಟ್ಟುಕೊಂಡು ಇದನ್ನು ತೋರಿಸಿಕೊಟ್ಟ. ಆಮೇಲೆ ಬಂದ ಎಲ್ಲ ಯಂತ್ರಗಳದ್ದೂ ಒಂದೇ ತಲೆಬೇನೆ: ಎಡಗಣ್ಣಿನ ಚಿತ್ರ ಎಡಗಣ್ಣಿಗೆ ಮಾತ್ರ, ಬಲಗಣ್ಣಿನದು ಬಲಗಣ್ಣಿಗೆ ಮಾತ್ರ ತಲುಪಬೇಕು. ಕೆಂಪು-ನೀಲಿ ಕಾಗದದ ಕನ್ನಡಕ ಇದನ್ನು ಬಣ್ಣದಿಂದ ಸಾಧಿಸುತ್ತದೆ. ಆಕ್ಟಿವ್ ಕನ್ನಡಕ ಸಮಯದಿಂದ ಸಾಧಿಸುತ್ತದೆ. ಸೆಕೆಂಡಿಗೆ 120 ಚಿತ್ರಗಳು ಬಂದರೆ ಅದು ಎಡ-ಬಲ ಗಾಜುಗಳನ್ನು ಸರದಿಯಂತೆ ಮುಚ್ಚಿ ತೆರೆಯುತ್ತ ಕಣ್ಣಿಗೆ 60ರಂತೆ ಹಂಚುತ್ತದೆ. ನಮ್ಮ ಮನೆಯ ಪ್ಯಾಸಿವ್ ಟಿವಿ ಬೆಳಕಿನ ಧ್ರುವೀಕರಣದಿಂದ, ಅಂದರೆ ಬೆಳಕಿನ ಅಲೆಯ ಕಂಪನ ಯಾವ ಕಡೆಗೆ ಸುತ್ತುತ್ತದೆ ಎಂಬುದರಿಂದ, ಸಾಧಿಸುವ ಬಗೆ.

ಇಂಥ ಟಿವಿಯ ಪರದೆಗೆ ಒಂದು ತೆಳು ಪದರ ಅಂಟಿಸಿರುತ್ತಾರೆ. 1080 ಅಡ್ಡಸಾಲುಗಳಲ್ಲಿ ಒಂದು ಸಾಲಿನ ಬೆಳಕು ಬಲಸುತ್ತಾಗಿ, ಮರುಸಾಲಿನದು ಎಡಸುತ್ತಾಗಿ ಹೊರಬರುವಂತೆ ಅದು ಮಾಡುತ್ತದೆ. ಕನ್ನಡಕದ ಒಂದೊಂದು ಗಾಜು ಒಂದೊಂದು ಸುತ್ತಿನ ಬೆಳಕನ್ನಷ್ಟೇ ಒಳಬಿಡುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಕನ್ನಡಕ ಹಾಕಿಕೊಂಡು ಪರದೆಗೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ಒಂದು ಕಣ್ಣು ಮುಚ್ಚಿದರೆ, ಒಂದು ಬಿಟ್ಟು ಒಂದು ಸಾಲು ಕಪ್ಪಾಗಿರುತ್ತದೆ. ಅಕ್ಷರಗಳ ಓರೆ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಕಾಣುತ್ತವೆ. ಕಣ್ಣು ಬದಲಿಸಿದರೆ ಕಪ್ಪು ಸಾಲುಗಳೂ ಜಾಗ ಬದಲಿಸುತ್ತವೆ. ಅಂದರೆ ಒಂದು ಕಣ್ಣಿಗೆ ದಕ್ಕುವುದು 540 ಸಾಲು ಮಾತ್ರ. ಐದಾರು ಅಡಿ ಹಿಂದೆ ಕುಳಿತರೆ ಈ ಕೊರತೆ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಬೆಳಕಿನ ಕೊರತೆ. ಮೊದಲ ದಿನವೇ ಅವ್ವ ಕನ್ನಡಕ ತೆಗೆದು, “ಏನಪ್ಪಾ, ಇಷ್ಟು ರೊಕ್ಕ ಕೊಟ್ಟು ಕತ್ತಲೆ ತಂದೆಯಲ್ಲ” ಎಂದಳು. ಮಾತು ನಿಜ. ಕನ್ನಡಕದ ಗಾಜು ಅರ್ಧಕ್ಕಿಂತ ಹೆಚ್ಚು ಬೆಳಕನ್ನು ನುಂಗುತ್ತದೆ. ಹಗಲಿನಲ್ಲಿ ಕಿಟಕಿಗೆ ಪರದೆ ಎಳೆಯದೆ ನಮ್ಮಲ್ಲಿ ತ್ರೀಡಿ ಓಡುವುದೇ ಇಲ್ಲ. ಅವ್ವನ ಒಂದು ಕಣ್ಣಿನಲ್ಲಿ ಆಗ ಪೊರೆಯಿತ್ತು, ಆಕೆಗೆ ಆಳವೂ ಕಾಣಿಸುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ ಕಾಣತೊಡಗಿತು. ಮೆಳ್ಳೆಗಣ್ಣು ಇದ್ದವರಿಗೆ, ಒಂದು ಕಣ್ಣು ತೀರಾ ಮಂದವಿದ್ದವರಿಗೆ ಸಾಮಾನ್ಯವಾಗಿ ಯಾವ ತ್ರೀಡಿ ಯಂತ್ರವೂ ಕೆಲಸಕ್ಕೆ ಬಾರದು. ತರಗತಿಯಲ್ಲಿ ಯಾರಾದರೂ ಮಗು “ಸರ್, ನನಗೆ ಏನೂ ಎದ್ದು ಕಾಣುತ್ತಿಲ್ಲ” ಎಂದರೆ ಪೋಷಕರಿಗೆ ಹೇಳಿ ಕಣ್ಣಿನ ಪರೀಕ್ಷೆ ಮಾಡಿಸುತ್ತೇನೆ.

ಇನ್ನೊಂದು ಕೊರತೆ ನಮ್ಮ ಕಡೆಯ ಮನೆಗಳಿಗೇ ಹೇಳಿ ಮಾಡಿಸಿದಂತಿದೆ. ಟಿವಿ ಜೋಡಿಸಲು ಬಂದ ಹುಡುಗ ರೂಢಿಯಂತೆ ಅದನ್ನು ಆಳೆತ್ತರಕ್ಕೆ ಬಿಗಿದು ಹೋದ. ನಾವು ನೆಲದ ಮೇಲೆ ಜಮಖಾನೆ ಹಾಸಿ ಕೂರುವವರು. ಪ್ಯಾಸಿವ್ ಪರದೆಯನ್ನು ತೀರಾ ಕೆಳಗಿನಿಂದಲೋ ಮೇಲಿನಿಂದಲೋ ನೋಡಿದರೆ ಪದರದ ಪಟ್ಟಿಗಳು ಸಾಲುಗಳ ನೇರ ತಪ್ಪಿ, ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರುತ್ತದೆ. ಪ್ರತಿ ಅಂಚಿಗೂ ಜೋಡುಬಿಂಬ ಮೂಡುತ್ತದೆ. ಟಿವಿಯನ್ನು ಕೆಳಗಿಳಿಸಿ, ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ ಬರುವಂತೆ ಬಿಗಿಸಿದ ಮೇಲೆ ತೊಂದರೆ ಹೋಯಿತು. ಎಡಕ್ಕೆ ಬಲಕ್ಕೆ ಎಷ್ಟು ಸರಿದು ಕೂತರೂ ಅಡ್ಡಿಯಿಲ್ಲ.

ಸಿನಿಮಾಕ್ಕೆ ಎರಡೇ ಅಂಕ ಏಕೆಂದರೆ, ನೋಡಲು ಡಿಸ್ಕ್‌ಗಳೇ ಸಿಗುವುದಿಲ್ಲ. ಸಿಕ್ಕವುಗಳಲ್ಲಿಯೂ ಆಳವನ್ನು ಆಮೇಲೆ ಕಂಪ್ಯೂಟರಿನಲ್ಲಿ ತುಂಬಿದ್ದೇ ಹೆಚ್ಚು. ಓಡುವ ಚಿತ್ರದಲ್ಲಿ ಕಣ್ಣು ಆಳವನ್ನು ಅಳೆಯುವಷ್ಟರಲ್ಲಿ ದೃಶ್ಯ ಬದಲಾಗಿರುತ್ತದೆ. ಕಣ್ಣಿಗೆ ದಣಿವೂ ಹೆಚ್ಚು: ವಸ್ತು ಮುಂದೆ ತೇಲಿ ಬಂದಂತೆ ಕಂಡಾಗ ಎರಡೂ ಕಣ್ಣು ಅದರತ್ತ ಒಳಮುಖವಾಗಿ ತಿರುಗುತ್ತವೆ, ಆದರೆ ಕಣ್ಣಿನ ಮಸೂರ ಪರದೆಯ ದೂರಕ್ಕೇ ಹೊಂದಿಕೊಂಡಿರಬೇಕು. ನಿಜಜೀವನದಲ್ಲಿ ಈ ಎರಡು ಕೆಲಸ ಕೂಡಿಯೇ ನಡೆಯುತ್ತವೆ. ಹಲವರಿಗೆ ತಲೆನೋವು ತರುವುದು ಈ ಎಳೆದಾಟ.

ಸ್ಥಿರಚಿತ್ರದ ಕತೆ ಬೇರೆ. ಬಾದಾಮಿಯ ಮೊದಲನೆಯ ಗುಹೆಯ ಪಕ್ಕದ ಬಂಡೆಯಲ್ಲಿರುವ ಹದಿನೆಂಟು ಕೈಗಳ ನಟರಾಜನನ್ನು ತೆಗೆದುಕೊಳ್ಳಿ. ಸಾಮಾನ್ಯ ಫೋಟೊದಲ್ಲಿ ಕೈಗಳೆಲ್ಲ ಒಂದೇ ಕೆಂಪು ಮರಳುಗಲ್ಲಿನಲ್ಲಿ ಕಲಸಿಹೋಗುತ್ತವೆ. ಯಾವ ಕೈ ಯಾವುದರ ಮುಂದಿದೆ ಎಂದು ನೆರಳು ನೋಡಿ ಊಹಿಸಬೇಕು. ಎಡಗಣ್ಣಿಗೊಂದು ಬಲಗಣ್ಣಿಗೊಂದು ಎಂದು ತೆಗೆದ ಜೋಡಿ ಚಿತ್ರದಲ್ಲಿ ಊಹೆಯ ಮಾತೇ ಇಲ್ಲ. ಶಿಲ್ಪಿ ಎಲ್ಲಿ ಉಳಿಯನ್ನು ಆಳಕ್ಕೆ ಇಳಿಸಿದ, ಎಲ್ಲಿ ಬರೀ ಗೀರಿ ಬಿಟ್ಟ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ ಅನಂತನ ಮೇಲೆ ಕುಳಿತ ವಿಷ್ಣುವನ್ನು ಇದೇ ರೀತಿ ತೋರಿಸಿದಾಗ, ಉಬ್ಬುಶಿಲ್ಪ ಎಂದರೇನು ಎಂದು ನಾನು ಪಾಠ ಮಾಡಬೇಕಾಗಿಯೇ ಬರಲಿಲ್ಲ.

ಇದಕ್ಕೆ ವಿಶೇಷ ಕ್ಯಾಮೆರಾ ಬೇಡ, ಮೊಬೈಲ್ ಸಾಕು. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಚಿತ್ರ, ಬಲಗಾಲಿಗೆ ಭಾರ ಬದಲಿಸಿ ಇನ್ನೊಂದು. ಎರಡರ ನಡುವಿನ ಸರಿತ, ಅತಿ ಹತ್ತಿರದ ವಸ್ತುವಿನ ದೂರದ ಮೂವತ್ತನೆಯ ಒಂದು ಭಾಗದಷ್ಟಿದ್ದರೆ ಚೆನ್ನ. ಎರಡು ಮೀಟರ್ ದೂರದ ಶಿಲ್ಪಕ್ಕೆ ಆರೇಳು ಸೆಂಟಿಮೀಟರ್. ಬಾದಾಮಿಯ ಅಗಸ್ತ್ಯತೀರ್ಥ ಕೆರೆಯ ಆಚೆ ದಡದ ಭೂತನಾಥ ಗುಡಿಗೆ ಈ ಲೆಕ್ಕ ಹಾಕಿದರೆ ಕೆಲವು ಹೆಜ್ಜೆ ಸರಿಯಬೇಕಾಗುತ್ತದೆ; ಆಗ ಗುಡಿ ಅಂಗೈಯಲ್ಲಿ ಹಿಡಿಯುವ ಮಾದರಿಯಷ್ಟು ಚಿಕ್ಕದಾಗಿ ಕಾಣುತ್ತದೆ, ಏಕೆಂದರೆ ನೋಡುವವರ ಕಣ್ಣುಗಳ ಅಂತರವನ್ನೇ ನಾವು ಹಿಗ್ಗಿಸಿದ್ದೇವೆ. ಬಾದಾಮಿಯ ಮಂಗಗಳು ಮಾತ್ರ ಈ ವಿದ್ಯೆಯ ಶತ್ರುಗಳು. ಮೊದಲ ಚಿತ್ರದಲ್ಲಿ ಕಂಬದ ಬುಡದಲ್ಲಿ ಕೂತಿದ್ದ ಮಂಗ ಎರಡನೆಯದರಲ್ಲಿ ಎದ್ದು ಹೋಗಿರುತ್ತದೆ. ಟಿವಿಯಲ್ಲಿ ನೋಡಿದರೆ ಒಂದೇ ಕಣ್ಣಿಗೆ ಬಿದ್ದ ಆ ಮಂಗದ ಮೈಯೊಳಗಿಂದ ಕಂಬ ಕಾಣುತ್ತದೆ. ಮಿದುಳು ಒಮ್ಮೆ ಮಂಗನನ್ನು ಒಪ್ಪುತ್ತದೆ, ಮರುಕ್ಷಣ ಕಂಬವನ್ನು. ಮಕ್ಕಳಿಗೆ ನಟರಾಜನಿಗಿಂತ ಅದೇ ಇಷ್ಟ.

ಜೋಡಿಯನ್ನು ಸರಿಹೊಂದಿಸಲು ‘ಸ್ಟೀರಿಯೊ ಫೋಟೊ ಮೇಕರ್’ ಎಂಬ ಉಚಿತ ತಂತ್ರಾಂಶವಿದೆ. ಮೇಲೆ-ಕೆಳಗಿನ ವ್ಯತ್ಯಾಸವನ್ನು ಅದು ತಾನೇ ತಿದ್ದಿ, ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಉಳಿಸುತ್ತದೆ. ಪೆನ್‌ಡ್ರೈವ್‌ನಲ್ಲಿ ಹಾಕಿ, ರಿಮೋಟಿನ ತ್ರೀಡಿ ಗುಂಡಿ ಒತ್ತಿ ‘ಅಕ್ಕಪಕ್ಕ’ ಎಂಬ ಆಯ್ಕೆ ಕೊಟ್ಟರೆ ಮುಗಿಯಿತು. ಒಂದು ಎಚ್ಚರಿಕೆ: ಹಿನ್ನೆಲೆಯ ಒಂದೇ ಬಿಂದು ಎರಡು ಚಿತ್ರಗಳಲ್ಲಿ ಆರೂವರೆ ಸೆಂಟಿಮೀಟರಿಗಿಂತ ದೂರ ಬಿದ್ದರೆ ಕಣ್ಣುಗಳು ಹೊರಮುಖವಾಗಿ ತಿರುಗಬೇಕಾಗುತ್ತದೆ, ಅದು ಅವುಗಳಿಗೆ ಒಗ್ಗದ ಕೆಲಸ. ನಮ್ಮ ಟಿವಿಗೆ ನಾನು ಮೂರು ಸೆಂಟಿಮೀಟರ್ ದಾಟಿಸುವುದಿಲ್ಲ. ಟಿವಿಯಲ್ಲಿ ಹಿತವಾಗಿದ್ದ ಅದೇ ಚಿತ್ರ ಪ್ರೊಜೆಕ್ಟರಿನಲ್ಲಿ ನಾಲ್ಕು ಪಟ್ಟು ಹಿಗ್ಗಿದರೆ ಕಣ್ಣು ನೋಯಿಸುವುದು ಇದೇ ಕಾರಣಕ್ಕೆ.

2023ರ ಸೆಪ್ಟೆಂಬರಿನಲ್ಲಿ ಇಸ್ರೊ, ಪ್ರಜ್ಞಾನ್ ರೋವರ್ ತೆಗೆದ ವಿಕ್ರಮ್ ಲ್ಯಾಂಡರಿನ ಕೆಂಪು-ನೀಲಿ ಚಿತ್ರ ಬಿಡುಗಡೆ ಮಾಡಿತು. ಮಕ್ಕಳು ಬಣ್ಣದ ಜಿಲೇಟಿನ್ ಹಾಳೆಯ ಕನ್ನಡಕ ಮಾಡಿಕೊಂಡು ನೋಡಿದರು. ಹಾಳೆ ಬಣ್ಣವನ್ನು ಪೂರ್ತಿ ತಡೆಯದೆ ಜೋಡುಬಿಂಬ ಉಳಿಯಿತು. ಎಡ ಚಿತ್ರ ಕೆಂಪು ವಾಹಿನಿಯಲ್ಲಿ (ಡಿಜಿಟಲ್ ಚಿತ್ರದ ಕೆಂಪು ಪದರದಲ್ಲಿ), ಬಲ ಚಿತ್ರ ಹಸಿರು-ನೀಲಿ ವಾಹಿನಿಗಳಲ್ಲಿ ಇದೆ ಎಂದು ಇಸ್ರೊ ಹೇಳಿತ್ತು. ಎರಡನ್ನೂ ಬೇರ್ಪಡಿಸಿ ಕಪ್ಪು-ಬಿಳುಪಿನ ಜೋಡಿಯಾಗಿ ಟಿವಿಗೆ ಹಾಕಿದೆ. ಲ್ಯಾಂಡರಿನ ಕಾಲುಗಳು ಚಂದ್ರನ ಮಣ್ಣಿನ ಮೇಲೆ ಊರಿ ನಿಂತದ್ದು ಸ್ಪಷ್ಟವಾಯಿತು. ರೋವರಿಗೆ ಎರಡು ಕ್ಯಾಮೆರಾಗಳ ಆ ಜೋಡಿಗಣ್ಣು ಕೊಟ್ಟಿದ್ದು ತಗ್ಗು-ದಿಬ್ಬ ಅಳೆದು ದಾರಿ ಹುಡುಕಲು. 2005ರ ಕಾರ್ಟೊಸ್ಯಾಟ್-1 ಉಪಗ್ರಹದಲ್ಲಿಯೂ ಒಂದು ಕ್ಯಾಮೆರಾ ಮುಂದಕ್ಕೆ, ಒಂದು ಹಿಂದಕ್ಕೆ ಓರೆಯಾಗಿತ್ತು. ಒಂದೇ ನೆಲವನ್ನು ಎರಡು ಕೋನದಿಂದ ನೋಡಿ ಎತ್ತರ ಕಟ್ಟುವುದು ಅದರ ಕೆಲಸ. ರೋಬಾಟಿಕ್ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಎರಡು ಕಣ್ಣಿಗೆ ಎರಡು ಚಿತ್ರ ಕೊಡುವ ಕಿಂಡಿಯೊಳಗೆ ನೋಡುತ್ತ ಹೊಲಿಗೆ ಹಾಕುತ್ತಾರೆ. ಅಲ್ಲೆಲ್ಲ ಆಳ ಎಂಬುದು ಮನರಂಜನೆಯ ಒಗ್ಗರಣೆಯಲ್ಲ, ಕೆಲಸವೇ ಅದು.

ಬೇರೆ ಬಗೆಗಳ ಬಗ್ಗೆ ಎರಡು ಮಾತು. ವಿಜಯಪುರದಲ್ಲಿ ಟ್ಯೂಷನ್ ನಡೆಸುವ ಗೆಳೆಯರು ಆಕ್ಟಿವ್ ಕನ್ನಡಕದ ಪ್ರೊಜೆಕ್ಟರ್ ಇಟ್ಟುಕೊಂಡಿದ್ದಾರೆ. ಚಿತ್ರ ನನ್ನದಕ್ಕಿಂತ ಸ್ಪಷ್ಟ. ಆದರೆ ಪ್ರತಿ ಕನ್ನಡಕಕ್ಕೂ ಚಾರ್ಜ್ ಬೇಕು, ಪಾಠದ ನಡುವೆ ಒಂದಲ್ಲ ಒಂದು ಆರುತ್ತದೆ. ಪ್ಯಾಸಿವ್ ಪ್ರೊಜೆಕ್ಟರಿಗೆ ಬೆಳ್ಳಿಲೇಪದ ಪರದೆಯೇ ಬೇಕು, ಸುಣ್ಣದ ಗೋಡೆ ಧ್ರುವೀಕರಣವನ್ನು ಕೆಡಿಸುತ್ತದೆ. ತಲೆಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನಲ್ಲಿ ಕಣ್ಣಿಗೊಂದು ಪ್ರತ್ಯೇಕ ಚಿತ್ರವಿರುವುದರಿಂದ ಜೋಡುಬಿಂಬವಿಲ್ಲ, ಆದರೆ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಸಾಲು ನಿಲ್ಲಬೇಕು. ಮನೆಯಲ್ಲಿ ಒಬ್ಬರೇ ನೋಡುವುದಾದರೆ ಮೊಬೈಲ್ ಇಡುವ ರಟ್ಟಿನ ಪೆಟ್ಟಿಗೆಯೇ ಸಾಕು, ಟಿವಿ ಬೇಡ.

ದುರಸ್ತಿ ಒಮ್ಮೆ ಆಗಿದೆ: ಬ್ಯಾಕ್‌ಲೈಟ್ ಪಟ್ಟಿ ಹೋಗಿ ಪರದೆಯ ಒಂದು ಮೂಲೆ ಮಬ್ಬಾಗಿತ್ತು, ಊರಿನಲ್ಲೇ ಬದಲಿಸಿಕೊಟ್ಟರು. ಅದರೊಳಗಿನ ಆ್ಯಪ್‌ಗಳು ಯಾವತ್ತೋ ಸತ್ತಿವೆ. ಪ್ಯಾನಲ್ ಹೋದರೆ ಬದಲಿ ಸಿಗದು, ಆದ್ದರಿಂದ ಹಳೆಯದಕ್ಕೆ ಸಾಮಾನ್ಯ ಟಿವಿಯ ಬೆಲೆಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಕೊಳ್ಳಲು ಹೋಗುವಾಗ ಜೋಡಿ ಚಿತ್ರವಿರುವ ಪೆನ್‌ಡ್ರೈವ್ ಜೇಬಿನಲ್ಲಿರಲಿ, ಚಿತ್ರಮಂದಿರದ ಪ್ಯಾಸಿವ್ ಕನ್ನಡಕವೂ ಇರಲಿ. ಆ ಕನ್ನಡಕ ವೃತ್ತೀಯ (ಬಲಸುತ್ತು-ಎಡಸುತ್ತಿನ) ಧ್ರುವೀಕರಣದ್ದಾದರೆ ಇಂಥ ಟಿವಿಗೂ ಸರಿಹೊಂದುತ್ತದೆ. ಎಡ-ಬಲ ಅದಲುಬದಲಾಗಿ ಕೆತ್ತನೆ ಒಳಕ್ಕೆ ಕುಸಿದಂತೆ ಕಂಡರೆ ಗಾಬರಿ ಬೇಡ, ಮೆನುವಿನಲ್ಲಿ ತಿದ್ದಬಹುದು. ಕನ್ನಡಕವನ್ನು ಮಾತ್ರ ಮಕ್ಕಳು ಅಂಗಿಯ ತುದಿಯಿಂದ ಒರೆಸದಂತೆ ನೋಡಿಕೊಳ್ಳಿ, ಗೀರು ಬಿದ್ದದ್ದು ಹೋಗುವುದಿಲ್ಲ.