ತೊಟ್ಟಿ ಮಾದರಿಯ ವೆಟ್ ಸಾ ಮತ್ತು ಮೋಲ್ಡಿಂಗ್ ವೀಲ್: ಮೂರು ಮಳೆಗಾಲದ ಬಳಕೆಯ ನಂತರ

ಇದು ಟೈಲ್ಸ್ ಕೊಯ್ಯುವ ಪುಟ್ಟ ಟೇಬಲ್ ಸಾ, ಅಂದರೆ ಮೇಜಿಗೆ ಕೂರಿಸಿದ ಗರಗಸ. 180 ಎಂಎಂ ಬ್ಲೇಡ್, 600 ವ್ಯಾಟ್ ಮೋಟಾರು, ಬ್ಲೇಡಿನ ಕೆಳಭಾಗ ತೊಟ್ಟಿಯ ನೀರಿನಲ್ಲಿ ಮುಳುಗಿ ತಿರುಗುತ್ತದೆ, ಪಂಪ್ ಇಲ್ಲ. ಕಾರವಾರ, ಕುಮಟಾ, ಶಿರಸಿ ಕಡೆಯ ಮನೆಗಳ ಕೆಲಸದಲ್ಲಿ ಮೂರು ಮಳೆಗಾಲ ಬಳಸಿದ ಮೇಲೆ ಒಂದು ಮಾತು ಖಚಿತವಾಗಿ ಹೇಳಬಹುದು: ನೇರ ಕಟಿಂಗ್‌ಗೆಂದು ಇದನ್ನು ಕೊಳ್ಳಬೇಡಿ. 600×1200 ಎಂಎಂ ಟೈಲ್ಸ್ ಇದರ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಆ ಕೆಲಸವನ್ನು ಗೀರಿ ಮುರಿಯುವ ಹ್ಯಾಂಡ್ ಕಟ್ಟರ್ ಧೂಳಿಲ್ಲದೆ, ಕರೆಂಟಿಲ್ಲದೆ ಮುಗಿಸುತ್ತದೆ. ಎರಡು-ಮೂರು ಸೆಂಟಿಮೀಟರಿನ ಪಟ್ಟಿ, ಸ್ವಿಚ್ ಬಾಕ್ಸಿನ ಎಲ್ ಆಕಾರ, ಮೂಲೆಗೆ 45 ಡಿಗ್ರಿ ಅಂಚು: ಇವು ಮೂರಕ್ಕೆ ಮಾತ್ರ ಇದು ಬೇಕೇ ಬೇಕು.

ನಾಲ್ಕಿಂಚಿನ ಮಾರ್ಬಲ್ ಕಟ್ಟರಿಗಿಂತ ಇದರ ಅಂಚು ಯಾಕೆ ನುಣುಪು? ಮಾರ್ಬಲ್ ಕಟ್ಟರ್ ನಿಮಿಷಕ್ಕೆ ಸುಮಾರು 13,000 ಸುತ್ತು ತಿರುಗುತ್ತದೆ, ಮುಂದಿನ ಅಂಚು ಕೆಳಗಿನಿಂದ ಮೇಲಕ್ಕೆ ಎಳೆಯುವುದರಿಂದ ಹೊಳಪಿನ ಮೇಲ್ಮೈಯಲ್ಲೇ ಚಕ್ಕೆ ಏಳುತ್ತದೆ. ಈ ಸಾ ಸುಮಾರು 2,950 ಸುತ್ತಿನದು, ಬ್ಲೇಡ್ ಟೈಲ್ಸನ್ನು ಮೇಲಿನಿಂದ ಕೆಳಕ್ಕೆ ಒತ್ತುತ್ತ ಕೊಯ್ಯುತ್ತದೆ. ಹಾಗಾಗಿ ಹೊಳಪಿನ ಮುಖ ಮೇಲಿರಬೇಕು. ಚಕ್ಕೆ ಎದ್ದರೂ ಅಡಿಯಲ್ಲಿ ಏಳುತ್ತದೆ, ಗಾರೆಯೊಳಗೆ ಮುಚ್ಚಿಹೋಗುತ್ತದೆ.

ಯಂತ್ರದ ಜೊತೆ ಬಂದ ಬ್ಲೇಡನ್ನು ನೆಚ್ಚಬೇಡಿ. ವಿಟ್ರಿಫೈಡ್ ಟೈಲ್ಸಿಗೆ (ಹೆಚ್ಚು ಕಾವಿನಲ್ಲಿ ಸುಟ್ಟ, ನೀರು ಹೀರದ ಗಟ್ಟಿ ಟೈಲ್ಸ್) ಅಂಚಿನಲ್ಲಿ ಸೀಳಿಲ್ಲದ, ತೆಳು ಬ್ಲೇಡ್ ಬೇಕು. ಸೀಳಿರುವುದು ಕಾಂಕ್ರೀಟಿಗೆ, ಗ್ರಾನೈಟಿಗೆ ಸರಿ. ವಿಟ್ರಿಫೈಡ್ ಗಟ್ಟಿ, ಆದರೆ ಉಜ್ಜುವ ಗುಣ ಕಡಿಮೆ. ವಜ್ರದ ಹರಳು ಮೊಂಡಾದರೂ ಅದನ್ನು ಹಿಡಿದ ಲೋಹ ಸವೆಯುವುದಿಲ್ಲ, ಹೊಸ ಹರಳು ಹೊರಗೆ ಬರುವುದಿಲ್ಲ. ಬ್ಲೇಡ್ ಕಿರುಚುತ್ತದೆ, ತಳ್ಳಿದಷ್ಟೂ ಬಾಗುತ್ತದೆ. ಬ್ಲೇಡ್ ಮುಗಿಯಿತೆಂದು ಎಸೆಯುವವರೇ ಹೆಚ್ಚು. ಮರಳು ಜಾಸ್ತಿ ಇರುವ ಸಿಮೆಂಟ್ ಬ್ಲಾಕಿನಲ್ಲಿ ನಾಲ್ಕೈದು ಸಲ ಕೊಯ್ಯಿರಿ, ಬಾಯಿ ಮತ್ತೆ ತೆರೆದುಕೊಳ್ಳುತ್ತದೆ. ಅಂಗಳದಲ್ಲಿ ಬಿದ್ದಿದೆಯೆಂದು ಚಿರೆಕಲ್ಲನ್ನು ಇದಕ್ಕೆ ಬಳಸಬೇಡಿ, ಅದರ ಜೇಡಿ ಅಂಚಿಗೆ ಮೆತ್ತಿಕೊಳ್ಳುತ್ತದೆ.

ಫೆನ್ಸಿನ (ಟೈಲ್ಸ್ ಒರಗಿಸಿ ತಳ್ಳುವ ಅಡ್ಡಪಟ್ಟಿ) ಮೇಲೆ ಅಚ್ಚಾದ ಅಳತೆಯನ್ನು ನಂಬಬೇಡಿ. ಬ್ಲೇಡಿನ ಮುಂದೊಮ್ಮೆ, ಹಿಂದೊಮ್ಮೆ ಟೇಪ್ ಹಿಡಿದು ನೋಡಿ. ಹಿಂಬದಿ ಒಂದು ಎಂಎಂ ಒಳಗೆ ಬಂದಿದ್ದರೂ ಟೈಲ್ಸ್ ಸಿಕ್ಕಿಕೊಂಡು ಅಂಚು ಒಡೆಯುತ್ತದೆ. ಕಟಿಂಗ್ ಮುಗಿಯುವ ಕೊನೆಯ ಎರಡಿಂಚಿನಲ್ಲಿ ಮೂಲೆ ಹಾರುವುದು ಇನ್ನೊಂದು ಕಾಟ. ಮೊದಲು ಒಂದು ತುದಿಯಿಂದ ಮೂರು-ನಾಲ್ಕು ಇಂಚು ಕೊಯ್ದು ಹಿಂದೆಳೆದು, ಟೈಲ್ಸ್ ತಿರುಗಿಸಿ ಇನ್ನೊಂದು ತುದಿಯಿಂದ ಬಂದು ಸೇರಿಸಿ. ತಿರುಗಿಸಿದಾಗ ಫೆನ್ಸಿನ ಅಳತೆ ಬದಲಾಗುತ್ತದೆ, ಗೆರೆ ಎಳೆದೇ ಇಟ್ಟುಕೊಂಡಿರಿ. ಎಲ್ ಆಕಾರಕ್ಕಾದರೆ ಒಳಮೂಲೆಯಲ್ಲಿ 6 ಅಥವಾ 8 ಎಂಎಂ ಡೈಮಂಡ್ ಬಿಟ್ಟಿನಿಂದ ತೂತು ಕೊರೆದು, ಎರಡೂ ಕಡೆಯ ಗೆರೆ ಆ ತೂತಿಗೆ ಬಂದು ನಿಲ್ಲಬೇಕು. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ, ಕೆಲವೊಮ್ಮೆ ಹಾಸಿದ ವಾರದ ಮೇಲೆ.

45 ಡಿಗ್ರಿಗೆ ಟೇಬಲ್ ವಾಲಿಸಿದಾಗ ಹೊಳಪಿನ ಪದರವನ್ನು ಮುಟ್ಟದೆ ಒಂದು ಎಂಎಂ ಉಳಿಸಿ, ಆಮೇಲೆ 200 ನಂಬರಿನ ಉಜ್ಜುವ ಕೈಪ್ಯಾಡಿನಲ್ಲಿ ಎರಡು ಸಲ ಸವರಿ. ಚೂಪಾಗಿಯೇ ಬಿಟ್ಟ ಅಂಚಿಗೆ ಕೊಡಪಾನ ತಾಗಿದರೂ ಸಾಕು, ಚಕ್ಕೆ ಹಾರುತ್ತದೆ.

ಕರಾವಳಿಯಲ್ಲಿ ಈ ಯಂತ್ರದ ಆಯುಷ್ಯ ನಿಂತಿರುವುದು ನೀರಿನ ಮೇಲೆ. ಕಾಳಿ, ಅಘನಾಶಿನಿ ಅಳಿವೆಗಳ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಸವುಳಾಗುತ್ತದೆ. ಆ ನೀರು ಹಾಕಿ ಒಂದು ರಾತ್ರಿ ಬಿಟ್ಟರೆ ಬ್ಲೇಡಿನ ನಟ್ಟು, ಅದನ್ನು ಒತ್ತಿಹಿಡಿಯುವ ಬಿಲ್ಲೆ (ಫ್ಲ್ಯಾಂಜು) ಕಚ್ಚಿಕೊಂಡು ಕೂರುತ್ತವೆ. ಸಿಹಿನೀರನ್ನೇ ಬಳಸಿ, ಮಳೆಗಾಲದಲ್ಲಿ ಸೂರಿನ ನೀರು ಹಿಡಿದುಕೊಂಡರೆ ಇನ್ನೂ ಒಳ್ಳೆಯದು. ಶಿರಸಿ ಕಡೆ ಉಪ್ಪಿನ ಕಾಟವಿಲ್ಲ, ಆದರೆ ಆಷಾಢದ ಥಂಡಿಗೆ ಅಟ್ಟದಲ್ಲಿಟ್ಟ ಯಂತ್ರಕ್ಕೂ ತುಕ್ಕು ಬರುತ್ತದೆ. ಸಂಜೆ ಬ್ಲೇಡ್ ಬಿಚ್ಚಿ, ಒರೆಸಿ, ಶಾಫ್ಟಿಗೆ ಮಷೀನ್ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ. ನಮ್ಮದರಲ್ಲಿ ಮೊದಲು ಹೋದದ್ದು ಬ್ಲೇಡ್ ಬದಿಯ ಬೇರಿಂಗ್. ಬದಲಿಗೆ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನೇ ಹಾಕಿದೆವು.

ನೀರಿನ ಮಟ್ಟ ಹತ್ತು-ಹನ್ನೆರಡು ಕಟಿಂಗಿಗೊಮ್ಮೆ ನೋಡಿ. ಬ್ಲೇಡ್ ಒಣಗಿದರೆ ಕೆಂಪು ಕಿಡಿ ಬರುತ್ತದೆ, ಬಿಳಿ ಧೂಳು ಏಳುತ್ತದೆ. ಅದರಲ್ಲಿ ಸಿಲಿಕಾ ಇದೆ, ಪುಪ್ಪುಸಕ್ಕೆ ಸೇರಿದ್ದು ಹೊರಬರುವುದಿಲ್ಲ, ಮಾಸ್ಕ್ ಬೇಕು. ತೊಟ್ಟಿಯ ರಾಡಿಯನ್ನು ಅಡಿಕೆ ಬುಡಕ್ಕಾಗಲಿ ಚರಂಡಿಗಾಗಲಿ ಚೆಲ್ಲಬೇಡಿ, ಬಕೆಟಿನಲ್ಲಿ ತಳ ಕಟ್ಟಲು ಬಿಟ್ಟು ತಿಳಿನೀರನ್ನು ಮರಳಿ ಬಳಸಿ.

ಕರೆಂಟಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್), ಅರ್ಥಿಂಗ್ ಎರಡೂ ಕಡ್ಡಾಯ. ಉದ್ದ ವೈರಾದರೆ 2.5 ಚದರ ಎಂಎಂ ತಾಮ್ರದ್ದು. ಸಂಜೆ ವೋಲ್ಟೇಜ್ 200ಕ್ಕಿಂತ ಇಳಿದಾಗ ತಳ್ಳಬೇಡಿ, ಮೋಟಾರು ಕಾದು ವೈಂಡಿಂಗ್ ಸುಡುತ್ತದೆ.

ಇನ್ನು ಮೋಲ್ಡಿಂಗ್ ವೀಲ್, ಅಂದರೆ ಗ್ರೈಂಡರಿಗೆ ಹಾಕಿ ಕಲ್ಲಿನ ಅಂಚನ್ನು ದುಂಡಗೆ ಮಾಡುವ ಚಕ್ರ. ಕೊಳ್ಳುವ ಮೊದಲು ಗ್ರೈಂಡರಿನ ಥ್ರೆಡ್ ನೋಡಿ: ನಾಲ್ಕಿಂಚಿನ ಗ್ರೈಂಡರಿನದು ಸಾಮಾನ್ಯವಾಗಿ ಎಂ10 (10 ಎಂಎಂ ದಪ್ಪದ್ದು), ಐದಿಂಚಿನದು ಎಂ14. ಇದನ್ನು ನೋಡದೆ ತಂದು ವಾಪಸು ಕಳಿಸುವವರು ಬಹಳ. ಹಾಫ್ ರೌಂಡ್ ವೀಲಿನ ಅಳತೆ ಕಲ್ಲಿನ ದಪ್ಪಕ್ಕೆ ಹೊಂದಬೇಕು, 20 ಎಂಎಂ ವೀಲನ್ನು 17 ಎಂಎಂ ಗ್ರಾನೈಟಿಗೆ ಹಿಡಿದರೆ ಅಂಚು ಪೂರ್ತಿ ಅರ್ಧವೃತ್ತವಾಗಿ ಬರುವುದಿಲ್ಲ. ಒಂದೇ ಸಲಕ್ಕೆ ಒತ್ತದೆ ಉದ್ದಕ್ಕೂ ತೆಳುವಾಗಿ ಹಲವು ಸಲ ಓಡಿಸಿ. ಪಾಲಿಶ್ ಪ್ಯಾಡ್ 50, 100, 200, 400, 800, 1500, 3000: ನಡುವೆ ಒಂದು ನಂಬರ್ ಹಾರಿಸಿದರೆ ಗೀರು ಉಳಿದು ಬೆಳಕಿಗೆ ಎದ್ದು ಕಾಣುತ್ತದೆ. 11,000 ಸುತ್ತಿನ ಗ್ರೈಂಡರಿಗೆ ಈ ಪ್ಯಾಡ್ ಹಾಕಿದರೆ ರಾಳ ಸುಟ್ಟು ಕಲ್ಲಿಗೆ ಕಲೆ ಹಿಡಿಯುತ್ತದೆ, ಸ್ಪೀಡ್ ಇಳಿಸಬಲ್ಲ ಯಂತ್ರದಲ್ಲಿ 2,000ದಿಂದ 3,000, ನೀರಿನ ಜೊತೆ.

ಗ್ಲೇಸ್ (ಮೇಲಿನ ಹೊಳಪಿನ ಲೇಪ) ಇರುವ ಟೈಲ್ಸಿಗೆ ಈ ವೀಲ್ ಹಿಡಿಯಲೇ ಬೇಡಿ, ಒಳಗಿನ ಬೇರೆ ಬಣ್ಣ ಹೊರಗೆ ಬರುತ್ತದೆ. ಅಲ್ಲಿ 45 ಡಿಗ್ರಿ ಅಥವಾ ಅಂಚು ಮುಚ್ಚುವ ಟ್ರಿಮ್ ಪಟ್ಟಿ. ಕಡಲ ದಂಡೆಯ ಮನೆಗೆ 304 ದರ್ಜೆಯ ಸ್ಟೀಲ್ ಪಟ್ಟಿ ಹಾಕಿದರೆ ಕಂದು ಕಲೆ ಏಳುತ್ತದೆ, 316 ಕೇಳಿ, ಸಿಗದಿದ್ದರೆ ಪಿವಿಸಿ ಆದೀತು.

ಶಿರಸಿ ಕಡೆಯ ಹಳೆಯ ಮನೆಗಳ ಕಡೆದ ಕಂಬ, ಕೆತ್ತನೆಯ ಬಾಗಿಲ ಚೌಕಟ್ಟಿಗೆ ಟೈಲ್ಸ್ ಹೊಂದಿಸಲು ಪ್ರೊಫೈಲ್ ಗೇಜ್ (ಒತ್ತಿದರೆ ಕಡ್ಡಿಗಳು ಸರಿದು ಆಕಾರ ಹಿಡಿಯುವ ಸಾಧನ) ಜೊತೆಗಿರಲಿ. ಪ್ಲಾಸ್ಟಿಕ್ ಕಡ್ಡಿಯದ್ದೇ ಸಾಕು, ಉಕ್ಕಿನದು ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ಆಕಾರವನ್ನು ಮೊದಲು ರಟ್ಟಿಗೆ ಇಳಿಸಿ, ಕಂಬಕ್ಕೆ ಹಿಡಿದು ನೋಡಿ, ಆಮೇಲೆ ಟೈಲ್ಸಿಗೆ ಗೆರೆ ಹಾಕಿ.